ಕಾಲೇಜು ದೊಡ್ಡದೋ, ಯೂನಿವರ್ಸಿಟಿ ದೊಡ್ಡದೋ?

ಪರೀಕ್ಷೆಯ ಫಲಿತಾಂಶ ಬಂದ ಮರುದಿನದಿಂದ ಒಂದು ತಿಂಗಳು ಕಾಲೇಜಿನ ಅಡ್ಮಿಷನ್ ಮೇಜಿನ ಹಿಂದೆ ಕೂತು ನೋಡಿ, ನಗುವುದಕ್ಕೆ ನೀವು ಬೇರೆಲ್ಲೂ ಹೋಗಬೇಕಾಗಿಲ್ಲ. ನಾನು ಕನ್ನಡದ ಉಪನ್ಯಾಸಕಿ. ತೊಂಬತ್ತರ ದಶಕದ ಮೊದಲಿನಿಂದ ಸುಮಾರು ಹದಿನೇಳು ವರ್ಷ ನನ್ನ ನೌಕರಿ ಚಿತ್ತಾಪುರ, ವಾಡಿ, ಸೇಡಂ, ಶಹಾಬಾದ, ಚಿಂಚೋಳಿ ಎಂದು ಊರೂರು ಸುತ್ತಿತು. ಊರು ಬದಲಾದರೂ ಆ ಮೇಜು ಮಾತ್ರ ನನಗೆ ತಪ್ಪಲಿಲ್ಲ. ಲೆಕ್ಕದ ಮೇಷ್ಟ್ರು, ಇಂಗ್ಲಿಷಿನ ಮೇಷ್ಟ್ರು ಏನೇನೋ ನೆಪ ಹೇಳಿ ಜಾರಿಕೊಳ್ಳುತ್ತಿದ್ದರು. "ಮೇಡಂ, ನಿಮ್ಮದು ಕನ್ನಡ. ಜನರ ಜೋಡಿ ಮಾತಾಡೋದು ನಿಮಗ ಚಲೋ ಬರ್ತದ" ಎಂದು ಪ್ರಿನ್ಸಿಪಾಲರು ನನ್ನನ್ನು ಕೂಡಿಸುತ್ತಿದ್ದರು. ಖರೆ ಹೇಳಬೇಕೆಂದರೆ ಅಲ್ಲಿ ಮಾತಾಡುವ ಕೆಲಸ ಕಡಿಮೆ. ಕೇಳಿಸಿಕೊಳ್ಳುವುದೇ ಹೆಚ್ಚು.

ಯೂನಿವರ್ಸಿಟಿ ಕಳಿಸಿದ ಹುಡುಗ

ಚಿತ್ತಾಪುರದಲ್ಲಿ ನನ್ನ ಮೊದಲನೇ ವರ್ಷ. ರಾವೂರ ಕಡೆಯಿಂದ ಅಣ್ಣತಮ್ಮಂದಿರಿಬ್ಬರು ಒಬ್ಬ ಹುಡುಗನನ್ನು ನಡುವೆ ನಿಲ್ಲಿಸಿಕೊಂಡು ಬಂದರು. ಅಣ್ಣ ಹುಡುಗನ ಅಪ್ಪ, ತಮ್ಮ ಕಾಕಾ. ಇಬ್ಬರಿಗೂ ಕಲ್ಲಿನ ಖಣಿಯಲ್ಲಿ ಕೆಲಸ. ಅವರ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವನು ಇವನೇ ಮೊದಲಿಗ. ಹಾಗಾಗಿ ಮುಂದೆ ಎಲ್ಲಿಗೆ ಹಾಕಬೇಕು ಎನ್ನುವುದು ಇಡೀ ಓಣಿಯಲ್ಲಿ ಚರ್ಚೆಯಾಗಿ, ತೀರ್ಮಾನಕ್ಕೆ ಬಾರದೆ, ಕೊನೆಗೆ ನನ್ನ ಮೇಜಿಗೆ ಬಂದಿತ್ತು.

"ಮೇಡಮ್ರಿ, ಒಂದೇ ಮಾತು ಹೇಳ್ರಿ," ಎಂದ ಕಾಕಾ. "ಕಾಲೇಜು ದೊಡ್ಡದೋ, ಯೂನಿವರ್ಸಿಟಿ ದೊಡ್ಡದೋ?"

"ಯೂನಿವರ್ಸಿಟಿನೇ ದೊಡ್ಡದು. ಕಾಲೇಜುಗಳೆಲ್ಲ ಅದರ ಕೈಕೆಳಗ ಬರ್ತಾವ."

ಕಾಕಾ ಅಣ್ಣನ ಕಡೆ ತಿರುಗಿ, "ನಾ ಹೇಳಿದ್ದಿಲ್ಲೇನು?" ಎಂದ. ಅಣ್ಣನ ಮುಖ ಸಣ್ಣದಾಯಿತು. ನಾನು ಗಾಬರಿಯಾಗಿ, ಹತ್ತನೆಯದಾದ ಮೇಲೆ ಎರಡು ವರ್ಷ ಪಿ.ಯು.ಸಿ., ಆಮೇಲೆ ಮೂರು ವರ್ಷ ಡಿಗ್ರಿ, ಅದೂ ಮುಗಿದ ಮೇಲೆ ಯೂನಿವರ್ಸಿಟಿಗೆ ಹೋಗಿ ಎಂ.ಎ. ಎಂದು ಬೆರಳು ಮಡಚಿ ಮಡಚಿ ತಿಳಿಸಿದೆ. ಸುಲಭವಾಗಲಿ ಎಂದು, "ಇದು ತಾಲೂಕು ಆಫೀಸ್ ಇದ್ದಂಗ, ಅದು ಜಿಲ್ಲಾ ಆಫೀಸ್ ಇದ್ದಂಗ" ಎಂದೂ ಸೇರಿಸಿದೆ. ಅಲ್ಲಿಯೇ ನಾನು ತಪ್ಪಿದ್ದು.

"ಮತ್ತ ತಾಲೂಕಿನ್ಯಾಗ ಯಾರು ಕೆಲಸ ಮಾಡಿ ಕೊಡ್ತಾರ್ರಿ?" ಎಂದ ಕಾಕಾ. "ನಾವು ಯಾವಾಗ್ಲೂ ಸೀದಾ ಜಿಲ್ಲಾಕ್ಕೇ ಹೋಗ್ತೀವಿ."

ಮೂವರೂ ನಿಂತ ಕಾಲಲ್ಲೇ ಗುಲಬರ್ಗಾದ ಬಸ್ಸು ಹತ್ತಿದರು. ಯೂನಿವರ್ಸಿಟಿಯಲ್ಲಿ ಯಾರೋ ಪುಣ್ಯಾತ್ಮರು ಇವರನ್ನು ಕೂಡಿಸಿ, ನೀರು ಕೊಟ್ಟು, ಹುಡುಗನ ಮಾರ್ಕ್ಸ್ ಕಾರ್ಡು ನೋಡಿ, "ನೀವು ಚಿತ್ತಾಪುರದ ಕಾಲೇಜಿಗೇ ಹೋಗರಿ, ಅದೇ ಬರೋಬ್ಬರಿ" ಎಂದು ಸಮಾಧಾನದಿಂದ ಹೇಳಿ ಕಳಿಸಿದರಂತೆ.

ಮರುದಿನ ಬಾಗಿಲು ತೆರೆಯುವ ಮೊದಲೇ ಮೂವರೂ ಹಾಜರ್. ಈ ಸಲ ಅಣ್ಣನೂ ಎದೆ ಸೆಟೆಸಿ ನಿಂತಿದ್ದ. "ಅರ್ಜಿ ಕೊಡ್ರಿ ಮೇಡಮ್ರಿ."

"ನಿನ್ನೇನೇ ತಗೊಂಡಿದ್ರ ಒಂದು ದಿನ ಉಳೀತಿತ್ತಲ್ಲ," ಎಂದೆ.

"ನಿನ್ನೆ ಸುಮ್ಮ ಬಂದಿದ್ದೆವು," ಎಂದ ಕಾಕಾ. "ಇವತ್ತು ಯೂನಿವರ್ಸಿಟಿದವರೇ ಕಳಸ್ಯಾರ. ಇನ್ನ ಸೀಟ್ ಇಲ್ಲ ಅನ್ಲಿಕ್ಕೆ ನಿಮಗ ಬರಂಗಿಲ್ಲ!"

ಗಾಡಿ ಟೈಮಿನ ಕೋರ್ಸು

ವಾಡಿಯಲ್ಲಿ ಮಾತೆಲ್ಲ ರೈಲಿನದೇ. ನಾಲವಾರದಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಮಗಳಿಗೆ ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ಬಂದಿದ್ದವು. ನಾನು ಹಿಗ್ಗಿ, ಸೈನ್ಸ್ ಅರ್ಜಿಯನ್ನು ಮುಂದೆ ಸರಿಸಿದೆ.

ತಾಯಿ ಅದನ್ನು ಮುಟ್ಟಲಿಲ್ಲ. "ಸೈನ್ಸ್ ಎಷ್ಟಕ್ಕ ಬಿಡ್ತದ್ರಿ?"

"ಪ್ರಾಕ್ಟಿಕಲ್ ಇದ್ದ ದಿನ ಐದು ಗಂಟೆ."

"ನಮ್ಮ ಗಾಡಿ ನಾಲ್ಕೂವರಿಗದ. ಅದಕ್ಕಿಂತ ಮೊದಲ ಯಾವ ಕೋರ್ಸ್ ಬಿಡ್ತದ ಅದನ್ನೇ ಕೊಡ್ರಿ."

ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ನಾನು ಒಂದೆರಡು ಸಲ ಹೇಳಿ ನೋಡಿದೆ. ಆ ತಾಯಿಯದೂ ತಪ್ಪಿರಲಿಲ್ಲ. ಆ ಪ್ಯಾಸೆಂಜರ್ ತಪ್ಪಿದರೆ ಮುಂದಿನ ಗಾಡಿ ಕತ್ತಲಾದ ಮೇಲೆಯೇ. "ಅಷ್ಟೊತ್ತನಕ ಒಬ್ಬಾಕಿನ್ನ ಸ್ಟೇಷನ್‌ದಾಗ ಹ್ಯಾಂಗ ಕೂಡಸ್ಲಿ, ನೀವೇ ಹೇಳ್ರಿ?" ಎಂದಳು. ಆರ್ಟ್ಸ್ ಮೂರೂವರೆಗೆ ಬಿಡುತ್ತಿತ್ತು. ತೊಂಬತ್ತರ ಮೇಲಿನ ಗಣಿತ ಇತಿಹಾಸದ ಬೆಂಚಿನಲ್ಲಿ ಹೋಗಿ ಕೂತಿತು. ನನಗೆ ಎರಡು ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಮೂರು ವಾರ ಕಳೆದಿರಬೇಕು. ಒಂದು ಮುಂಜಾನೆ ಹುಡುಗಿ ಏದುಸಿರು ಬಿಡುತ್ತಾ ಸ್ಟಾಫ್ ರೂಮಿಗೇ ಓಡಿ ಬಂದಳು. "ಮೇಡಂ, ನಮ್ಮ ಗಾಡಿ ಟೈಮ್ ಬದ್ಲಿ ಮಾಡ್ಯಾರ್ರಿ! ಇನ್ನ ಮ್ಯಾಲ ಐದೂವರಿಗಂತ!"

ಪಾಪ, ಒಂದು ತಾಸು ತಡವಾಗುತ್ತದಲ್ಲ ಎಂದು ನಾನು ಸಮಾಧಾನದ ಮಾತು ಶುರು ಮಾಡಿದೆ.

"ಅಯ್ಯ, ಅದಲ್ಲರಿ ಮೇಡಂ. ನಾ ಈಗ ಸೈನ್ಸ್ ತಗೋಬಹುದಲ್ಲರಿ! ನಮ್ಮವ್ವನೂ ಹೂಂ ಅಂದಾಳ."

ಕೋರ್ಸ್ ಬದಲಿಸಲು ಪ್ರಿನ್ಸಿಪಾಲರಿಗೆ ಅರ್ಜಿ ಕೊಡಬೇಕಿತ್ತು. ಅವರು ಕನ್ನಡಕ ಒರೆಸಿಕೊಂಡು ಅದನ್ನು ಎರಡು ಸಲ ಓದಿದರು. ನನ್ನ ಮುಖ ನೋಡಿದರು. ಮತ್ತೊಮ್ಮೆ ಓದಿ ಸಹಿ ಹಾಕಿದರು. 'ಕಾರಣ' ಎಂದಿದ್ದಲ್ಲಿ ಹುಡುಗಿ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಳು: 'ರೈಲ್ವೆ ಇಲಾಖೆಯವರ ಕೃಪೆ.'

ಪೂರ್ವಕ್ಕೆ ಹೋದ ಚೀಲ

ಸೇಡಂನಲ್ಲಿ ನಾವು ಬಾಡಿಗೆಗಿದ್ದ ಮನೆಯ ಪಕ್ಕದಲ್ಲೇ ಒಂದು ಗುಡಿಯ ಅರ್ಚಕರ ಮನೆ. ಅರ್ಚಕರು ಎಪ್ಪತ್ತು ದಾಟಿದವರು, ಪಂಚಾಂಗ ನೋಡದೆ ಕ್ಷೌರಕ್ಕೂ ಹೋಗದವರು. ಅವರ ಮೊಮ್ಮಗಳು ಪಿ.ಯು.ಸಿ.ಯಲ್ಲಿ ನನ್ನ ವಿದ್ಯಾರ್ಥಿನಿ. ಗುಲಬರ್ಗಾದ ಕಾಲೇಜೊಂದರಲ್ಲಿ ಡಿಗ್ರಿ ಮಾಡಬೇಕೆಂದು ಆಕೆ ಹಟ ಹಿಡಿದಿದ್ದಳು. ಸೀಟು ಸಿಗುವ ಹಾಗೂ ಇತ್ತು. ಅಡ್ಡ ಬಂದದ್ದು ದಿಕ್ಕು.

"ಈ ವರ್ಷ ಅಕಿಗೆ ಪಶ್ಚಿಮದ ಪ್ರಯಾಣ ಕೂಡಿ ಬರೂದಿಲ್ಲವ್ವಾ," ಎಂದು ಅಜ್ಜ ಕಟ್ಟೆಯ ಮೇಲೆ ಕೂತು ನನಗೆ ಹೇಳಿದರು. "ಗುಲಬರ್ಗಾ ನೋಡು, ಬರೋಬ್ಬರಿ ಪಶ್ಚಿಮಕ್ಕೇ ಅದ. ಪೂರ್ವಕ್ಕ ಎಲ್ಲಿಗೆ ಬೇಕಾದರೂ ಹೋಗಲಿ. ಹೈದರಾಬಾದಿಗೆ ಹೋಗಲಿ, ನಾನೇ ಗಾಡಿ ಹತ್ತಿಸಿ ಬರ್ತೀನಿ."

ಮೊಮ್ಮಗಳು ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಅಜ್ಜ ಕರಗಿ, ಪಂಚಾಂಗವನ್ನು ಮತ್ತೆ ತೆಗೆದು, ಒಂದು ದಾರಿ ಹುಡುಕಿದರು. ಪರಸ್ಥಾನ ಇಡುವುದು. ಅಂದರೆ ಒಳ್ಳೆಯ ಮುಹೂರ್ತದಲ್ಲಿ ಪ್ರಯಾಣದ ಚೀಲವನ್ನು ಮೊದಲೇ ಹೊರಗೆ ಒಯ್ದು ಬೇರೆಯವರ ಮನೆಯಲ್ಲಿ ಇಡುವುದು. ಹಾಗೆ ಮಾಡಿದರೆ ಪ್ರಯಾಣ ಆಗಲೇ ಶುರುವಾದ ಲೆಕ್ಕ. ನಮ್ಮ ಮನೆ ಅವರ ಮನೆಯ ಪಶ್ಚಿಮಕ್ಕಿತ್ತು. ಗುರುವಾರ ಮುಂಜಾನೆ ಅಜ್ಜ ತಾವೇ ಒಂದು ಕಂದು ಬಣ್ಣದ ರೆಕ್ಸಿನ್ ಚೀಲ ತಂದು, ನಮ್ಮ ಪಡಸಾಲೆಯ ಮೂಲೆಯಲ್ಲಿಟ್ಟು, ಮಂತ್ರ ಹೇಳಿ ಹೋದರು. ಹುಡುಗಿ ಶನಿವಾರ ಹೊರಡುವುದೆಂದಾಯಿತು.

ಆ ಗುರುವಾರವೇ ನನ್ನ ಮೈದುನ ನಮ್ಮ ಮನೆಗೆ ಬಂದಿದ್ದ. ಅವನಿಗೆ ಹೈದರಾಬಾದಿನಲ್ಲಿ ನೌಕರಿ. ಅವನದೂ ಕಂದು ರೆಕ್ಸಿನ್ ಚೀಲ. ಆ ಕಾಲದಲ್ಲಿ ಯಾರ ಮನೆಯಲ್ಲಿ ಆ ಚೀಲ ಇರಲಿಲ್ಲ! ಶುಕ್ರವಾರ ನಸುಕಿನ ಗಾಡಿಗೆ ಗಡಿಬಿಡಿಯಿಂದ ಹೋದವನು, ಮಧ್ಯಾಹ್ನ ಓಣಿಯ ಎಸ್.ಟಿ.ಡಿ. ಬೂತಿಗೆ ಫೋನ್ ಮಾಡಿ ನನ್ನನ್ನು ಕರೆಸಿದ.

"ವೈನಿ, ನನ್ನ ಚೀಲದಾಗ ನಾಲ್ಕು ಚೂಡಿದಾರ ಅವ. ಬಳಿ ಅವ. ಯಾರದೋ ಮಾರ್ಕ್ಸ್ ಕಾರ್ಡ್ ಅದ. ನಾ ನಾಳಿ ಆಫೀಸಿಗೆ ಏನು ತೊಟ್ಕೊಂಡು ಹೋಗ್ಲಿ?"

ಮರುದಿನವೇ ಗುಲಬರ್ಗಾದಲ್ಲಿ ಹುಡುಗಿಯ ಅಡ್ಮಿಷನ್ ಇಂಟರ್‌ವ್ಯೂ, ಅವಳ ಕಾಗದಪತ್ರಗಳೆಲ್ಲ ಹೈದರಾಬಾದಿನಲ್ಲಿ. ಸುದ್ದಿ ಕೇಳಿ ಆಕೆ ಅಳುವುದಕ್ಕೆ ಕೂತಳು. ನಾನು ಅವಳನ್ನು ಎಬ್ಬಿಸಿಕೊಂಡು ಕಾಲೇಜಿಗೆ ಓಡಿದೆ. ಕಚೇರಿಯ ಫೈಲಿನಲ್ಲಿದ್ದ ನಕಲುಗಳನ್ನು ಜೆರಾಕ್ಸ್ ಮಾಡಿಸಿ, ಪ್ರಿನ್ಸಿಪಾಲರ ಸಹಿ ಹಾಕಿಸಿ, ನಡೆದದ್ದನ್ನೆಲ್ಲ ಬರೆದು ಒಂದು ಪತ್ರ ಕೊಟ್ಟೆ. ಶನಿವಾರ ಆಕೆ ನನ್ನದೊಂದು ಕೈಚೀಲ ಹಿಡಿದು ಗುಲಬರ್ಗಾಕ್ಕೆ ಹೋದಳು. ಪತ್ರ ಓದಿ ಅಲ್ಲಿಯ ಪ್ರಿನ್ಸಿಪಾಲರು ಹೊಟ್ಟೆ ಹಿಡಿದುಕೊಂಡು ನಕ್ಕು, ಒಂದು ವಾರದ ಗಡುವು ಕೊಟ್ಟು, ಸೀಟು ಕೊಟ್ಟರು.

ಸಂಜೆ ಹುಡುಗಿ ಪೇಢೆ ಹಿಡಿದು ಬಂದಾಗ ನಾನು ಅಜ್ಜನ ಮುಂದೆ ತಲೆ ತಗ್ಗಿಸಿ ನಿಂತು, "ನಮ್ಮ ಮನ್ಯಾಗ ಇಟ್ಟ ಚೀಲ ಹಿಂಗಾತ್ರಿ, ತಪ್ಪಾತು" ಎಂದೆ.

ಅಜ್ಜ ಪೇಢೆ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ನುಂಗಿ ಹೇಳಿದರು: "ಇರಲಿ ಬಿಡವ್ವ. ಮೊಮ್ಮಗಳಂತೂ ಕೇಳಲಿಲ್ಲ. ಚೀಲಾದರೂ ನನ್ನ ಮಾತು ಕೇಳಿ ಪೂರ್ವಕ್ಕ ಹೋತು."

ಬಾಜೂ ಕಲ್ಲು

ಶಹಾಬಾದದಲ್ಲಿ ಪರಸಿ ಕಲ್ಲು ಹಾಸುವ ಮೇಸ್ತ್ರಿಯೊಬ್ಬನಿದ್ದ. ಮಗಳು ಪಿ.ಯು.ಸಿ.ಯಲ್ಲಿ ನಮ್ಮ ಕಾಲೇಜಿಗೇ ಮೊದಲನೆಯವಳಾಗಿದ್ದಳು. ಊರಿನಲ್ಲೇ ಡಿಗ್ರಿ ಮಾಡುವುದೋ, ಗುಲಬರ್ಗಾದ ಹಾಸ್ಟೆಲಿನಲ್ಲಿದ್ದು ಅಲ್ಲಿಯ ದೊಡ್ಡ ಕಾಲೇಜಿನಲ್ಲಿ ಓದುವುದೋ ಎಂದು ತೀರ್ಮಾನವಾಗಬೇಕಿತ್ತು. ತಾಯಿಯಿಲ್ಲದ ಮಗಳು. ಮೇಸ್ತ್ರಿ ನನ್ನ ಮುಂದೆ ಬಂದು ಕೂತು ಅರ್ಧ ತಾಸು ಬರೀ ತನ್ನ ಅಂಗೈ ನೋಡಿಕೊಂಡ.

ನಾನು ಅಲ್ಲಿಯ ಲೈಬ್ರರಿ ಬಗ್ಗೆ ಹೇಳಿದೆ, ಮೇಷ್ಟ್ರುಗಳ ಬಗ್ಗೆ ಹೇಳಿದೆ. ಏನೂ ತಲೆಗೆ ಹೋಗಲಿಲ್ಲ. ಕೊನೆಗೆ ಕಾಲೇಜಿನ ಕಟ್ಟಡ ಎಲ್ಲಿದೆ, ಗೇಟು ಹೇಗಿದೆ ಎಂದು ಬಣ್ಣಿಸುತ್ತಿದ್ದಾಗ ಅವನು ತಟಕ್ಕನೆ ತಲೆಯೆತ್ತಿದ.

"ಒಳಗ ಹೋದ ಕೂಡ್ಲೆ ಎಡಕ್ಕ ಉದ್ದಾನ ವರಾಂಡಾ ಅದ ಏನ್ರಿ? ಕಡೀಗ ಗೋಲ್ ಕಂಬ?"

"ಹೌದು."

"ಅಲ್ಲಿ ನಾ ಕಲ್ಲು ಹಾಸೀನ್ರಿ! ಮದುವಿಗಿಂತ ಮೊದಲಿನ ಮಾತು." ಅವನ ಮುಖ ಅರಳಿತು. "ಅಲ್ಲಿಗೇ ಕಳಸ್ತೀನಿ ತಗೋರಿ. ನನ್ನ ಕಲ್ಲಿನ ಮ್ಯಾಲ ಓಡ್ಯಾಡ್ತಾಳ. ಫಿಕರ್ ಇಲ್ಲ."

ಇಪ್ಪತ್ತು ದಿನಗಳಾದ ಮೇಲೆ ಸುದ್ದಿ ಬಂತು. ಮಗಳು ಅದೇ ವರಾಂಡದಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದಳು. ಮೇಸ್ತ್ರಿ ಉಳಿ ಸುತ್ತಿಗೆಗಳನ್ನು ಗೋಣಿ ಚೀಲದಲ್ಲಿ ಹಾಕಿಕೊಂಡು ಮೊದಲ ಬಸ್ಸಿಗೆ ಹೊರಟ. ಹಾಸ್ಟೆಲಿಗೆ ಹೋಗಿ ಮಗಳ ಕಾಲು ನೋಡಿ, ಬ್ಯಾಂಡೇಜು ಸವರಿ, ಒಂದಿಷ್ಟು ಅತ್ತ. ಆಮೇಲೆ ಕುಂಟುತ್ತಿದ್ದ ಅವಳನ್ನೇ ಕರೆದುಕೊಂಡು ವರಾಂಡಕ್ಕೆ ಹೋಗಿ, "ಬಿದ್ದ ಜಾಗ ತೋರ್ಸು" ಎಂದ. ಅವಳು ತೋರಿಸಿದಳು. ಮೊಣಕಾಲೂರಿ ಕೂತು ಕಲ್ಲನ್ನು ಬೆರಳಿನಿಂದ ತಟ್ಟಿದ, ಗದ್ದ ನೆಲಕ್ಕೆ ಹಚ್ಚಿ ಸಂದು ನೋಡಿದ. ಹುಡುಗಿಯರೆಲ್ಲ ಸುತ್ತ ನೆರೆದರು.

ಊರಿಗೆ ಬಂದವನೇ ಸೀದಾ ನಮ್ಮ ಸ್ಟಾಫ್ ರೂಮಿಗೆ ಬಂದ. ಮಗಳ ಕಾಲಿನ ಬಗ್ಗೆ ನಾನು ಕೇಳುವ ಮೊದಲೇ, ಎಂಟು ಜನ ಮೇಷ್ಟ್ರುಗಳ ಎದುರು ದೊಡ್ಡ ದನಿಯಲ್ಲಿ ಹೇಳಿದ: "ಮೇಡಮ್ರಿ, ಅಕಿ ಜಾರಿದ್ದು ನನ್ನ ಕಲ್ಲಿನ ಮ್ಯಾಲಲ್ಲ. ಅದು ಆಮ್ಯಾಲ ಯಾರೋ ಹಾಸಿದ್ದು. ನಂದು ಬಾಜೂದು!"

ಅವ್ವನ ಹೊಟ್ಟೆನೋವು

ನಾನು ಚಿಂಚೋಳಿಗೆ ಬಂದಾಗ ಎರಡು ಸಾವಿರದ ಇಸವಿ ದಾಟಿತ್ತು. ಪಿ.ಯು. ಮತ್ತು ಡಿಗ್ರಿ ಎರಡೂ ಒಂದೇ ಕಟ್ಟಡದಲ್ಲಿದ್ದವು. ನಾನು ಎರಡು ಕಡೆಯೂ ಪಾಠ ಮಾಡುತ್ತಿದ್ದೆ. ಆದಿತ್ಯವಾರ ಅದೇ ಕೋಣೆಗಳಲ್ಲಿ ಮುಕ್ತ ವಿಶ್ವವಿದ್ಯಾಲಯದ ತರಗತಿಗಳು ನಡೆಯುತ್ತಿದ್ದವು. ನೌಕರಿ ಮಾಡುವವರು, ಮನೆಯಲ್ಲಿರುವವರು ವಾರಕ್ಕೊಂದು ದಿನ ಬಂದು ಪಾಠ ಕೇಳಿ ಪರೀಕ್ಷೆಗೆ ಕೂಡುವ ಅನುಕೂಲ. ಅದಕ್ಕೂ ಕನ್ನಡಕ್ಕೆ ನಾನೇ.

ಚಂದಾಪುರದಿಂದ ಒಬ್ಬಾಕೆ ಪಿ.ಯು.ಸಿ. ಮುಗಿಸಿದ ಮಗಳೊಂದಿಗೆ ಬಂದಳು. ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಹೋಗುವಾಗ ಅವನು ಹೇಳಿ ಹೋಗಿದ್ದನಂತೆ, ದಿನಾ ಕಾಲೇಜಿಗೆ ಹೋಗುವುದು ಬೇಡ, ಮಗಳು ಮನೆಯಲ್ಲಿದ್ದುಕೊಂಡೇ ಯೂನಿವರ್ಸಿಟಿ ಪರೀಕ್ಷೆ ಕಟ್ಟಲಿ ಎಂದು. ತಾಯಿ ಮುಕ್ತ ವಿಶ್ವವಿದ್ಯಾಲಯದ ಅರ್ಜಿ ಇಸಿದುಕೊಂಡಳು.

ಮಗಳು ಅರ್ಜಿಯನ್ನು ತಿರುಗಿ ತಾಯಿಯ ಕೈಗೇ ಕೊಟ್ಟಳು. "ನಾ ಕಾಲೇಜಿಗೇ ಹೋಗಾಕಿ. ಗೆಳತ್ಯಾರೆಲ್ಲ ಹೊಂಟಾರ. ಮನ್ಯಾಗ ಕುಂತು ಓದ್ಲಿಕ್ಕೆ ನಾ ಏನು ಮುದುಕಿ ಏನು?"

ಅವಳದೂ ನಿಜ ಎಂದು ನನಗನಿಸಿತು. ತಾಯಿಗೂ ಅನಿಸಿರಬೇಕು. "ಆತು, ನೀ ಕಾಲೇಜಿಗೇ ಹೋಗು. ನಿಮ್ಮಪ್ಪಗ ನಾ ಹೇಳ್ಕೋತೀನಿ" ಎಂದಳು. ಮಗಳು ಬಿ.ಎ.ಗೆ ಹೆಸರು ಹಚ್ಚಿದಳು. ಹೊರಡುವಾಗ ತಾಯಿ ಆ ಅರ್ಜಿಯನ್ನು ಹಾಗೇ ಹಿಡಿದುಕೊಂಡು ನಿಂತಳು.

"ಮೇಡಮ್ರಿ, ಇದು ಖಾಲಿ ಹೋಗ್ತದಲ್ಲ. ನಾ ತುಂಬಬಹುದೇನ್ರಿ?"

ಆಕೆ ಹತ್ತನೇ ಇಯತ್ತೆ ಪಾಸಾದ ವರ್ಷವೇ ಮದುವೆಯಾಗಿತ್ತು. ಕಾಲೇಜಿನ ಮೆಟ್ಟಿಲು ಹತ್ತಿದ್ದು ಅವತ್ತೇ ಮೊದಲ ಸಲ, ಅದೂ ಮಗಳ ಸಲುವಾಗಿ. ಪಿ.ಯು.ಸಿ. ಇಲ್ಲದಿದ್ದರೂ, ವಯಸ್ಸಾದವರಿಗೆ ಒಂದು ಪ್ರವೇಶ ಪರೀಕ್ಷೆ ಬರೆದು ಸೇರುವ ಅವಕಾಶವಿತ್ತು. ಆಕೆ ಬರೆದಳು, ಪಾಸೂ ಆದಳು. ಅರ್ಜಿಯಲ್ಲಿ 'ಪಾಲಕರ ಸಹಿ' ಎಂದಿದ್ದ ಕಡೆ ಗಂಡ ಊರಲ್ಲಿಲ್ಲವೆಂದು ಮಗಳ ಕೈಯಲ್ಲೇ ಸಹಿ ಹಾಕಿಸಿದಳು. ಹೀಗೆ ಮಗಳು ಕಾಲೇಜಿಗೆ, ತಾಯಿ ಯೂನಿವರ್ಸಿಟಿಗೆ ಸೇರಿದಂತಾಯಿತು.

ಮೊದಲ ಮೂರು ತಿಂಗಳು ತಾಯಿ ತಪ್ಪದೆ ಬಂದಳು. ಮುಂದಿನ ಬೆಂಚು, ಎಣ್ಣೆ ಹಚ್ಚಿ ಬಾಚಿದ ತಲೆ, ಪುಸ್ತಕಕ್ಕೆ ಕ್ಯಾಲೆಂಡರಿನ ಹಾಳೆಯ ಹೊದಿಕೆ. ಆಮೇಲೆ ನಡುನಡುವೆ ಕಾಣೆಯಾಗತೊಡಗಿದಳು. ತರಗತಿ ತಪ್ಪಿಸಿದವರು ಪಾಲಕರ ಸಹಿ ಇರುವ ಚೀಟಿ ತರಬೇಕೆಂದು ವಾರವಿಡೀ ಹುಡುಗರಿಗೆ ಹೇಳಿ ನನ್ನ ಬಾಯಿಗೆ ರೂಢಿಯಾಗಿತ್ತು. ಅದೇ ರೂಢಿಯಲ್ಲಿ ಆಕೆಗೂ ಹೇಳಿಬಿಟ್ಟೆ. ಆಕೆ ಮುಂದಿನ ವಾರ ಚೀಟಿ ತಂದಳು. 'ಹೊಟ್ಟೆನೋವು ಇದ್ದ ಕಾರಣ ನಮ್ಮ ತಾಯಿಯವರಿಗೆ ತರಗತಿಗೆ ಬರಲು ಆಗಲಿಲ್ಲ.' ಕೆಳಗೆ ಮಗಳ ಸಹಿ. ಎರಡು ವಾರ ಬಿಟ್ಟು ಮತ್ತೊಂದು ಚೀಟಿ. ಮತ್ತೆ ಹೊಟ್ಟೆನೋವು. ಮೂರನೆಯದೂ ಬಂದಾಗ ನನಗೆ ನಿಜವಾಗಿಯೂ ಚಿಂತೆಯಾಯಿತು.

ಸೋಮವಾರ ಬಿ.ಎ. ತರಗತಿ ಮುಗಿದ ಮೇಲೆ ಮಗಳನ್ನು ನಿಲ್ಲಿಸಿ ಕೇಳಿದೆ. "ಅವ್ವನ್ನ ಗುಲಬರ್ಗಾಕ್ಕರ ಕರಕೊಂಡು ಹೋಗಿ ತೋರಿಸಬಾರದೇನು? ಅಷ್ಟು ಹೊಟ್ಟಿನೋವು ಅಂದ್ರ ಸುಮ್ಮನೆ ಅಲ್ಲ."

"ಯಾರಿಗ್ರಿ ಹೊಟ್ಟಿನೋವು?"

ನಾನು ಮೂರೂ ಚೀಟಿಗಳನ್ನು ತೆಗೆದು ಅವಳ ಮುಂದಿಟ್ಟೆ. ಅವಳು ಒಂದೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಕೆಂಪಾಗುತ್ತಾ ಹೋಯಿತು.

"ಮೇಡಂ, ಇದು ನನ್ನ ಸಹಿ ಅಲ್ಲರಿ."

ಮುಂದಿನ ಆದಿತ್ಯವಾರ ಇಬ್ಬರೂ ಬಂದರು. ಮಗಳು ಮುಂದೆ, ಕೈಕಟ್ಟಿಕೊಂಡು. ತಾಯಿ ಎರಡು ಹೆಜ್ಜೆ ಹಿಂದೆ, ಸೆರಗಿನ ತುದಿ ಸುತ್ತುತ್ತಾ. ನಾನು ಬಾಯಿ ತೆರೆಯಲಿಕ್ಕೇ ಮಗಳು ಬಿಡಲಿಲ್ಲ. "ಆದಿತ್ಯವಾರ ಅಂದ್ರ ನಸುಕಿನ್ಯಾಗ ಎದ್ದು ನಾ ರೊಟ್ಟಿ ಬಡಿದು, ಇಕಿಗೆ ಡಬ್ಬಿ ಕಟ್ಟಿ ಕಳಸ್ತೀನ್ರಿ ಮೇಡಂ. ಕ್ಲಾಸಿಗೆ ಹೋಗ್ತೀನಂತ ನನಗ ಹೇಳೋದು. ಹೊಟ್ಟಿನೋವಂತ ನಿಮಗ ಹೇಳೋದು. ಎಲ್ಲಿ ಹೋಗಿದ್ದಿ, ಮೇಡಂ ಮುಂದೇ ಹೇಳು!"

ತಾಯಿ ನನ್ನ ಮುಖ ನೋಡಿದಳು, ಮಗಳ ಮುಖ ನೋಡಿದಳು.

"ತಾಂಡೂರಿಗೆ."

"ತಾಂಡೂರಿಗೆ ಯಾಕ?"

"ಸಿನಿಮಾಕ್ಕ." ಧ್ವನಿ ಕೇಳಿಸದಷ್ಟು ಸಣ್ಣದಾಗಿತ್ತು. "ನಮ್ಮ ಕ್ಲಾಸಿನವರು ನಾಲ್ಕು ಮಂದಿ ಕೂಡಿ ಹೋಗಿದ್ದೆವ್ರಿ. ಒಬ್ಬಾಕಿ ಅಂಗನವಾಡಿ ಟೀಚರ್, ಒಬ್ಬಾಕಿ ಪೋಸ್ಟಾಫೀಸಿನಾಕಿ..."

"ಮೂರು ಸಲ?" ಎಂದಳು ಮಗಳು.

"ಒಮ್ಮೆ ಟಿಕೀಟ್ ಸಿಗಲಿಲ್ಲ. ಮಿರ್ಚಿಭಜಿ ತಿಂದು ಹೊಳ್ಳಿ ಬಂದೆವು."

ನಾನು ನಗು ತಡೆಯಲು ಹಾಜರಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದೆ. ಆಕೆ ಆ ವರ್ಷವೂ ಪಾಸಾದಳು, ಮುಂದೆ ಡಿಗ್ರಿಯನ್ನೂ ಮುಗಿಸಿದಳು. ಆದರೆ ಅವತ್ತು ಅಲ್ಲಿ ನಿಂತಿದ್ದವಳು ಸಿಕ್ಕಿಬಿದ್ದ ಹದಿನೆಂಟರ ಹುಡುಗಿಯೇ. ಮಗಳ ಬೈಗುಳ ಮುಗಿಯುವವರೆಗೂ ಕೇಳಿಸಿಕೊಂಡು, ಆಮೇಲೆ ಮೆಲ್ಲಗೆ ತಲೆಯೆತ್ತಿದಳು.

"ಬೈಬ್ಯಾಡವ್ವಾ," ಎಂದಳು. "ಬರೇ ಓದೋದಿದ್ರ ಮನ್ಯಾಗೇ ಕುಂತು ಓದ್ತಿದ್ದೆ. ಕ್ಲಾಸ್ ತಪ್ಪಿಸಬೇಕಂದ್ರ ಹೆಸರು ಹಚ್ಚಲೇಬೇಕಲ್ಲ!"